ಟ್ರೂಮನ್ ತೆಗೆದುಹಾಕಿದ ಜನರಲ್: ಕೆಡೆಟ್‌ಗಳಿಗೆ ರಾಜಕೀಯ ಕಲಿಸುವ ಒಂದು ಪ್ರಕರಣ

ಅಮೆರಿಕದ ಸೇನಾ ಅಕಾಡೆಮಿ ವೆಸ್ಟ್ ಪಾಯಿಂಟ್‌ನ ಪರೇಡ್ ಮೈದಾನದ ಅಂಚಿನಲ್ಲಿ ಜನರಲ್ ಡಗ್ಲಾಸ್ ಮ್ಯಾಕ್‌ಆರ್ಥರ್ ಅವರ ಪ್ರತಿಮೆ ನಿಂತಿದೆ. ಸುತ್ತಲಿನ ಕಲ್ಲಿನ ಗೋಡೆಗಳ ಮೇಲೆ ಅವರ ಭಾಷಣದ ಸಾಲುಗಳನ್ನು ಕೆತ್ತಿದ್ದಾರೆ. ಹದಿನೆಂಟು, ಹತ್ತೊಂಬತ್ತು ವಯಸ್ಸಿನ ಕೆಡೆಟ್‌ಗಳು ಅದರ ಮುಂದೆಯೇ ಓಡಾಡುತ್ತಾರೆ. ಇಷ್ಟು ದೊಡ್ಡ ಗೌರವ ಪಡೆದ ಈ ಮನುಷ್ಯನನ್ನು 1951ರ ಏಪ್ರಿಲ್ 11ರಂದು ಅಮೆರಿಕದ ಅಧ್ಯಕ್ಷರು ಕೆಲಸದಿಂದ ತೆಗೆದುಹಾಕಿದರು. ಯುದ್ಧ ಸೋತಿದ್ದಕ್ಕಲ್ಲ. ಮಾತಾಡಬಾರದ ಕಡೆ ಮಾತಾಡಿದ್ದಕ್ಕೆ.

ನಾನು ಪದವಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಎನ್‌ಸಿಸಿ ಪರೇಡ್ ಇದ್ದ ದಿನ ಹಿಂದಿನ ಎರಡು ಬೆಂಚಿನ ಮಕ್ಕಳು ಖಾಕಿಯಲ್ಲೇ ಬಂದು ಕೂರುತ್ತಾರೆ. ಅವರಲ್ಲಿ ಕೆಲವರು ನಿಜವಾಗಿಯೂ ಸೇನೆಗೆ ಹೋಗುತ್ತಾರೆ. ಅಮೆರಿಕದ ಸಂವಿಧಾನದ ಪಾಠ ಬಂದಾಗಲೆಲ್ಲ ನಾನು ಈ ಪ್ರಕರಣ ತೆಗೆಯುತ್ತೇನೆ. ಮುಂದೆ ಸೇನಾಧಿಕಾರಿಗಳಾಗುವವರಿಗೆ ರಾಜಕೀಯ ಹೇಗೆ ಕಲಿಸಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಆದರೆ ಇದನ್ನು ತಪ್ಪಾಗಿ ಕಲಿಸೋದೂ ಅಷ್ಟೇ ಸುಲಭ. "ಜನರಲ್ ಮಾತು ಕೇಳಲಿಲ್ಲ, ಅಧ್ಯಕ್ಷರು ತೆಗೆದುಹಾಕಿದರು, ಪಾಠ ಮುಗಿಯಿತು" ಅಂತ ಐದು ನಿಮಿಷದಲ್ಲಿ ಮುಗಿಸಿಬಿಟ್ಟರೆ ಮಕ್ಕಳಿಗೆ ಏನೂ ಸಿಗುವುದಿಲ್ಲ.

ಯಾರಿಗೆ, ಎಲ್ಲಿ

ವೆಸ್ಟ್ ಪಾಯಿಂಟ್ ಅಂದರೆ ಅಮೆರಿಕದ ಭೂಸೇನೆಯ ಅಕಾಡೆಮಿ. 1802ರಲ್ಲಿ ಶುರುವಾಯಿತು. ನ್ಯೂಯಾರ್ಕ್ ನಗರದಿಂದ ಸುಮಾರು 50 ಮೈಲಿ ಉತ್ತರಕ್ಕೆ, ಹಡ್ಸನ್ ನದಿಯ ದಡದಲ್ಲಿದೆ. ಸುಮಾರು 4,400 ಕೆಡೆಟ್‌ಗಳು ಓದುತ್ತಾರೆ. ನಾಲ್ಕು ವರ್ಷ ಮುಗಿಸಿದವರ ಕೈಗೆ ಪದವಿ, ಹೆಗಲಿಗೆ ಸೆಕೆಂಡ್ ಲೆಫ್ಟಿನೆಂಟ್ ಪಟ್ಟಿ. ಎಂಜಿನಿಯರಿಂಗ್ ಓದಲಿ, ಗಣಿತ ಓದಲಿ, ಅಮೆರಿಕದ ರಾಜಕೀಯ ಎಂಬ ವಿಷಯವನ್ನು ಎಲ್ಲರೂ ಓದಲೇಬೇಕು. ಕಲಿಸುವುದು ಸಮಾಜ ವಿಜ್ಞಾನ ವಿಭಾಗ. ಅಲ್ಲಿಯವರು ಅದನ್ನು ಚಿಕ್ಕದಾಗಿ 'ಸೋಶ್' ಅಂತಾರೆ.

ತರಗತಿ ಚಿಕ್ಕದು, ಇಪ್ಪತ್ತರೊಳಗೆ. ಪಾಠವನ್ನು ಮೊದಲೇ ಓದಿಕೊಂಡು ಬರಬೇಕು ಅನ್ನುವುದು ಅಲ್ಲಿನ ಹಳೆಯ ಪದ್ಧತಿ. ತರಗತಿ ಇರುವುದು ಉಪನ್ಯಾಸಕ್ಕಲ್ಲ, ಓದಿದ್ದನ್ನು ಬಾಯಿಬಿಟ್ಟು ಹೇಳುವುದಕ್ಕೆ, ವಾದ ಮಾಡುವುದಕ್ಕೆ. ಕಲಿಸುವವರಲ್ಲಿ ಬಹಳ ಜನ ಕ್ಯಾಪ್ಟನ್, ಮೇಜರ್ ದರ್ಜೆಯ ಅಧಿಕಾರಿಗಳು. ಸೇನೆ ಅವರನ್ನು ಸಾಮಾನ್ಯ ವಿಶ್ವವಿದ್ಯಾಲಯಗಳಿಗೆ ಕಳುಹಿಸಿ ಸ್ನಾತಕೋತ್ತರ ಪದವಿ ಓದಿಸುತ್ತದೆ. ಎರಡು ಮೂರು ವರ್ಷ ಕಲಿಸಿ ಅವರು ಮತ್ತೆ ಪಡೆಗೆ ವಾಪಸ್. ಹಾಗಾಗಿ ಪಾಠ ಕೇಳುವವರೂ ಸಮವಸ್ತ್ರದಲ್ಲಿ, ಹೇಳುವವರೂ ಸಮವಸ್ತ್ರದಲ್ಲಿ.

"ಸೈನಿಕನಿಗೆ ರಾಜಕೀಯ ಯಾಕೆ?" ಅನ್ನುವ ಪ್ರಶ್ನೆ ಎಲ್ಲರ ಬಾಯಲ್ಲೂ ಬರುತ್ತದೆ. ಸೈನಿಕ ರಾಜಕೀಯದಿಂದ ದೂರ ಇರಬೇಕು, ನಿಜ. ಆದರೆ ಬೇಲಿ ಎಲ್ಲಿದೆ ಅಂತ ಗೊತ್ತಿಲ್ಲದವನು ಬೇಲಿ ದಾಟದೆ ಇರುವುದಾದರೂ ಹೇಗೆ? ಇನ್ನೊಂದು ಮಾತು. ಆ ಕೆಡೆಟ್‌ಗಳು ರಾಜಕೀಯಕ್ಕೆ ಹೊಸಬರೇನಲ್ಲ. ವೆಸ್ಟ್ ಪಾಯಿಂಟ್ ಸೇರಬೇಕಾದರೆ ಬಹುತೇಕ ಎಲ್ಲರಿಗೂ ತಮ್ಮ ಊರಿನ ಸಂಸದನದೋ, ರಾಜ್ಯದ ಸೆನೆಟರ್‌ನದೋ ಶಿಫಾರಸು ಬೇಕು. ಹದಿನೇಳನೇ ವಯಸ್ಸಿಗೇ ರಾಜಕಾರಣಿಯ ಕಚೇರಿಗೆ ಅರ್ಜಿ ಹಾಕಿ, ಸಂದರ್ಶನ ಕೊಟ್ಟು ಬಂದವರು ಅವರು. ಅವರಿಗೆ "ನಿಮಗೆ ರಾಜಕೀಯ ಬೇಡ" ಅಂತ ಹೇಳಿದರೆ ಅದು ನಿಜವೂ ಅಲ್ಲ, ಪ್ರಯೋಜನವೂ ಇಲ್ಲ.

ನಡೆದದ್ದು

ಪ್ರಕರಣ ಶುರುವಾಗುವುದು ಕೊರಿಯಾದಲ್ಲಿ. 1950ರ ಜೂನ್ 25ರಂದು ಉತ್ತರ ಕೊರಿಯಾದ ಸೇನೆ ದಕ್ಷಿಣಕ್ಕೆ ನುಗ್ಗಿತು. ವಿಶ್ವಸಂಸ್ಥೆಯ ಪಡೆಗಳ ಮುಂದಾಳು ಮ್ಯಾಕ್‌ಆರ್ಥರ್. ಆಗ ಅವರಿಗೆ 70 ವರ್ಷ. ಸೆಪ್ಟೆಂಬರ್ 15ರಂದು ಶತ್ರುವಿನ ಬೆನ್ನ ಹಿಂದೆ ಇಂಚಾನ್ ಬಂದರಿನಲ್ಲಿ ಸೈನ್ಯ ಇಳಿಸಿ ಯುದ್ಧದ ದಿಕ್ಕನ್ನೇ ತಿರುಗಿಸಿಬಿಟ್ಟರು. ಆಗಂತೂ ಅವರ ಮಾತಿಗೆ ಎದುರು ಮಾತೇ ಇರಲಿಲ್ಲ.

ಅಕ್ಟೋಬರ್ 15ರಂದು ಪೆಸಿಫಿಕ್ ಸಾಗರದ ನಡುವಿನ ವೇಕ್ ದ್ವೀಪದಲ್ಲಿ ಅಧ್ಯಕ್ಷ ಹ್ಯಾರಿ ಟ್ರೂಮನ್ ಮತ್ತು ಮ್ಯಾಕ್‌ಆರ್ಥರ್ ಭೇಟಿಯಾದರು. ಚೀನಾ ಯುದ್ಧಕ್ಕೆ ಇಳಿಯುತ್ತದಾ ಅಂತ ಟ್ರೂಮನ್ ಕೇಳಿದರು. ಸಾಧ್ಯತೆ ತೀರಾ ಕಡಿಮೆ ಅಂದರು ಮ್ಯಾಕ್‌ಆರ್ಥರ್. ಇಲ್ಲಿ ಒಂದು ವಿಷಯ ಹೇಳಲೇಬೇಕು. ಅದಕ್ಕೂ ಹತ್ತು ಹನ್ನೆರಡು ದಿನ ಮೊದಲೇ ಚೀನಾದ ಎಚ್ಚರಿಕೆ ಅಮೆರಿಕಕ್ಕೆ ಮುಟ್ಟಿತ್ತು. ಮುಟ್ಟಿಸಿದವರು ಪೀಕಿಂಗ್‌ನಲ್ಲಿದ್ದ (ಈಗಿನ ಬೀಜಿಂಗ್) ಭಾರತದ ರಾಯಭಾರಿ ಕೆ.ಎಂ. ಪಣಿಕ್ಕರ್. ಅಮೆರಿಕದ ಸೈನ್ಯ ಎರಡು ಕೊರಿಯಾಗಳ ನಡುವಿನ ಗಡಿಯಾಗಿದ್ದ 38ನೇ ಅಕ್ಷಾಂಶ ದಾಟಿದರೆ ಚೀನಾ ಸುಮ್ನೆ ಕೂರುವುದಿಲ್ಲ ಅಂತ ಚೀನಾದ ಪ್ರಧಾನಿ ಝೌ ಎನ್‌ಲಾಯ್ ಪಣಿಕ್ಕರ್ ಅವರಿಗೆ ಹೇಳಿದ್ದರು. ವಾಷಿಂಗ್ಟನ್ ಅದನ್ನು ನಂಬಲಿಲ್ಲ. ನವೆಂಬರ್ ಕೊನೆಗೆ ಚೀನಾ ಲಕ್ಷಗಟ್ಟಲೆ ಸೈನಿಕರೊಂದಿಗೆ ಮೇಲೆ ಬಿತ್ತು. 1951ರ ಜನವರಿ ಮೊದಲ ವಾರ ದಕ್ಷಿಣ ಕೊರಿಯಾದ ರಾಜಧಾನಿ ಸೋಲ್ ಕೈತಪ್ಪಿತು.

ಇಲ್ಲಿಂದ ಇಬ್ಬರ ದಾರಿ ಬೇರೆಯಾಯಿತು. ಚೀನಾದ ನೆಲದ ಮೇಲೆ ಬಾಂಬ್ ಹಾಕಬೇಕು, ಕರಾವಳಿಗೆ ದಿಗ್ಬಂಧನ ಹಾಕಬೇಕು, ಚೀನಾದ ಕಮ್ಯುನಿಸ್ಟರಿಗೆ ಸೋತು ತೈವಾನ್‌ನಲ್ಲಿದ್ದ ಚಿಯಾಂಗ್ ಕೈ ಶೇಕ್ ಸೈನ್ಯವನ್ನು ಬಳಸಬೇಕು ಅನ್ನೋದು ಮ್ಯಾಕ್‌ಆರ್ಥರ್ ವಾದ. ಹಾಗೆ ಮಾಡಿದರೆ ಸೋವಿಯತ್ ಒಕ್ಕೂಟವೂ ಕಣಕ್ಕೆ ಇಳಿಯಬಹುದು, ಮೂರನೇ ಮಹಾಯುದ್ಧ ಆಗಬಹುದು ಅನ್ನೋದು ಟ್ರೂಮನ್ ಭಯ. ಕೊರಿಯಾದ ಯುದ್ಧ ಕೊರಿಯಾದಲ್ಲೇ ಮುಗಿಯಬೇಕು ಅಂತ ಅವರು ತೀರ್ಮಾನಿಸಿದ್ದರು.

ಭಿನ್ನಾಭಿಪ್ರಾಯ ತಪ್ಪಲ್ಲ. ಅದನ್ನು ತೋರಿಸಿದ ರೀತಿ ನೋಡಿ. 1950ರ ಡಿಸೆಂಬರ್ ಮೊದಲ ವಾರ ಶ್ವೇತಭವನದಿಂದ ಒಂದು ಆದೇಶ ಹೊರಟಿತು. ವಿದೇಶಾಂಗ ನೀತಿಯ ಬಗ್ಗೆ ಯಾರೇ ಬಹಿರಂಗವಾಗಿ ಮಾತಾಡುವ ಮೊದಲು ವಾಷಿಂಗ್ಟನ್ ಒಪ್ಪಿಗೆ ಪಡೆಯಬೇಕು. ಹೆಸರು ಹೇಳಿರಲಿಲ್ಲ, ಆದರೆ ಯಾರಿಗಾಗಿ ಬರೆದದ್ದು ಅಂತ ಎಲ್ಲರಿಗೂ ಗೊತ್ತಿತ್ತು. 1951ರ ಮಾರ್ಚ್ 20ರಂದು ಇನ್ನೊಂದು ಸಂದೇಶ ಹೋಯಿತು: ಅಧ್ಯಕ್ಷರು ಕದನ ವಿರಾಮದ ಮಾತು ಎತ್ತಲಿದ್ದಾರೆ. ನಾಲ್ಕೇ ದಿನಕ್ಕೆ, ಮಾರ್ಚ್ 24ರಂದು, ಮ್ಯಾಕ್‌ಆರ್ಥರ್ ತಮ್ಮದೇ ಹೇಳಿಕೆ ಬಿಡುಗಡೆ ಮಾಡಿದರು. ಚೀನಾವನ್ನು ಹೀಯಾಳಿಸಿ, ಯುದ್ಧ ಅವರ ನೆಲಕ್ಕೂ ಹರಡಬಹುದು ಅಂತ ಬೆದರಿಸಿ, ಬೇಕಾದರೆ ಶತ್ರು ಸೇನಾಪತಿ ನನ್ನ ಜೊತೆ ಮಾತಾಡಲಿ ಅಂದರು. ಟ್ರೂಮನ್ ಅವರ ಪ್ರಸ್ತಾಪ ಅಲ್ಲಿಗೇ ಸತ್ತುಹೋಯಿತು.

ಕೊನೆಯ ಹುಲ್ಲುಕಡ್ಡಿ ಒಂದು ಪತ್ರ. ಪ್ರತಿನಿಧಿ ಸಭೆಯಲ್ಲಿ ರಿಪಬ್ಲಿಕನ್ ಪಕ್ಷದ ನಾಯಕ ಜೋಸೆಫ್ ಮಾರ್ಟಿನ್ ಅವರು ಮ್ಯಾಕ್‌ಆರ್ಥರ್ ಅಭಿಪ್ರಾಯ ಕೇಳಿ ಬರೆದಿದ್ದರು. ಮಾರ್ಟಿನ್ ವಿರೋಧ ಪಕ್ಷದವರು, ಟ್ರೂಮನ್ ಡೆಮಾಕ್ರಟಿಕ್ ಪಕ್ಷದವರು. ಮ್ಯಾಕ್‌ಆರ್ಥರ್ ಉತ್ತರ ಬರೆದರು. ಗೆಲುವಿಗೆ ಬದಲಿ ಅಂತ ಯಾವುದೂ ಇಲ್ಲ ಅನ್ನುವ ಅವರ ಪ್ರಸಿದ್ಧ ಮಾತು ಇರುವುದು ಆ ಪತ್ರದಲ್ಲೇ. ಗುಟ್ಟಾಗಿಡಿ ಅಂತ ಎಲ್ಲೂ ಹೇಳಲಿಲ್ಲ. ಏಪ್ರಿಲ್ 5ರಂದು ಮಾರ್ಟಿನ್ ಅದನ್ನು ಸದನದಲ್ಲಿ ಓದಿಬಿಟ್ಟರು.

ಏಪ್ರಿಲ್ 11ರ ನಡುರಾತ್ರಿ ಕಳೆದು ಒಂದು ಗಂಟೆಗೆ ಶ್ವೇತಭವನ ಪತ್ರಕರ್ತರನ್ನು ಕರೆಯಿತು. ಟೋಕಿಯೊದಲ್ಲಿ ಆಗ ಮಧ್ಯಾಹ್ನ. ಮ್ಯಾಕ್‌ಆರ್ಥರ್ ಅತಿಥಿಗಳ ಜೊತೆ ಊಟಕ್ಕೆ ಕೂತಿದ್ದರು. ಅವರ ಸಹಾಯಕರೊಬ್ಬರು ರೇಡಿಯೋದಲ್ಲಿ ಸುದ್ದಿ ಕೇಳಿ ಮನೆಗೆ ಫೋನ್ ಮಾಡಿದರು. ಹೆಂಡತಿ ಜೀನ್ ಹತ್ತಿರ ಬಂದು ಕಿವಿಯಲ್ಲಿ ಹೇಳಿದರು. "ಜೀನಿ, ಅಂತೂ ನಾವು ಮನೆಗೆ ಹೊರಟೆವು" ಅಂದರಂತೆ ಅವರು. ಸುದ್ದಿಯನ್ನು ಖುದ್ದಾಗಿ ಮುಟ್ಟಿಸಬೇಕಾಗಿದ್ದ ಸೇನಾ ಕಾರ್ಯದರ್ಶಿಗೆ ಸಂದೇಶವೇ ಸಿಕ್ಕಿರಲಿಲ್ಲ. ಐವತ್ತು ವರ್ಷ ಸೇವೆ ಮಾಡಿದ ಮನುಷ್ಯನಿಗೆ ರೇಡಿಯೋ ಮೂಲಕ ಗೊತ್ತಾಗಬಾರದಿತ್ತು. ಇದನ್ನು ನಾನು ತರಗತಿಯಲ್ಲಿ ಮುಚ್ಚಿಡುವುದಿಲ್ಲ. ತೀರ್ಮಾನ ಸರಿಯಿದ್ದೂ ಮಾಡಿದ ರೀತಿ ಕೆಟ್ಟದಾಗಿರಬಹುದು ಅನ್ನೋದೂ ಅವರಿಗೆ ತಿಳಿಯಬೇಕು.

ಒಂದೇ ಅಂಗಳದವರು

ಸೇನಾ ಮುಖ್ಯಸ್ಥರ ಜಂಟಿ ಸಮಿತಿ ಏಪ್ರಿಲ್ 8ರಂದೇ ಸೇರಿ, ಮ್ಯಾಕ್‌ಆರ್ಥರ್ ಅವರನ್ನು ತೆಗೆಯುವುದು ಸೇನೆಯ ದೃಷ್ಟಿಯಿಂದಲೂ ಸರಿ ಅಂತ ಒಮ್ಮತದಿಂದ ಹೇಳಿತ್ತು. ಅಲ್ಲಿ ಕೂತವರು ಯಾರು? ಸಮಿತಿಯ ಅಧ್ಯಕ್ಷ ಒಮರ್ ಬ್ರಾಡ್ಲಿ, ಭೂಸೇನೆಯ ಲಾಟನ್ ಕಾಲಿನ್ಸ್, ವಾಯುಸೇನೆಯ ಹೊಯ್ಟ್ ವ್ಯಾಂಡೆನ್‌ಬರ್ಗ್, ನೌಕಾಸೇನೆಯ ಫಾರೆಸ್ಟ್ ಶೆರ್ಮನ್. ಮ್ಯಾಕ್‌ಆರ್ಥರ್ ಜಾಗಕ್ಕೆ ಹೋದವರು ಮ್ಯಾಥ್ಯೂ ರಿಜ್‌ವೇ.

ಈಗ ಮೂವತ್ತು ವರ್ಷ ಹಿಂದಕ್ಕೆ ಹೋಗಿ. 1919ರಿಂದ 1922ರವರೆಗೆ ವೆಸ್ಟ್ ಪಾಯಿಂಟ್‌ನ ಮುಖ್ಯಸ್ಥರಾಗಿದ್ದವರು ಇದೇ ಮ್ಯಾಕ್‌ಆರ್ಥರ್. ಬಂದಾಗ ಅವರಿಗೆ ಬರೀ 39 ವರ್ಷ. ಆ ದಿನಗಳಲ್ಲಿ ಬ್ರಾಡ್ಲಿ ಅಲ್ಲಿ ಗಣಿತ ಕಲಿಸುತ್ತಿದ್ದರು. ಕಾಲಿನ್ಸ್ ರಸಾಯನ ಶಾಸ್ತ್ರ ಕಲಿಸುತ್ತಿದ್ದರು. ರಿಜ್‌ವೇ ಕೂಡ ಅಲ್ಲೇ ಅಧ್ಯಾಪಕರು. ವ್ಯಾಂಡೆನ್‌ಬರ್ಗ್ ಕೆಡೆಟ್. ಶೆರ್ಮನ್ ಒಬ್ಬರು ಬಿಟ್ಟರೆ ಉಳಿದವರೆಲ್ಲ ಒಂದು ಕಾಲದಲ್ಲಿ ಅವರ ಕೈಕೆಳಗೆ ಇದ್ದವರು, ಅವರಿಗೆ ಸೆಲ್ಯೂಟ್ ಹೊಡೆದವರು. ಇದನ್ನು ಬೋರ್ಡಿನ ಮೇಲೆ ಬರೆದ ಕೂಡಲೇ ತರಗತಿ ಸ್ತಬ್ಧವಾಗುತ್ತದೆ. ಗುರುವಿನ ಸ್ಥಾನದಲ್ಲಿದ್ದವರನ್ನು ತೆಗೆಯಿರಿ ಅಂತ ಸಲಹೆ ಕೊಡುವುದು ಎಷ್ಟು ಕಷ್ಟ ಅಂತ ನಮ್ಮ ಮಕ್ಕಳಿಗೆ ವಿವರಿಸಬೇಕಾಗಿಲ್ಲ.

ಇನ್ನೂ ಒಂದಿದೆ. ಕೆಡೆಟ್‌ಗಳು ಹೊರಗಿನ ಪ್ರಪಂಚ ತಿಳಿಯಬೇಕು, ದಿನಪತ್ರಿಕೆ ಓದಬೇಕು, ಸಮಾಜ ವಿಜ್ಞಾನ ಕಲಿಯಬೇಕು ಅಂತ ಪಟ್ಟು ಹಿಡಿದವರೇ ಮ್ಯಾಕ್‌ಆರ್ಥರ್. ಹಳೆಯ ಪ್ರಾಧ್ಯಾಪಕರ ಮಂಡಳಿ ಅವರಿಗೆ ಅಡ್ಡ ನಿಂತಿತು. ಅವರು ಹೋದಮೇಲೆ ಎಷ್ಟೋ ಬದಲಾವಣೆಗಳನ್ನು ಹಿಂದಕ್ಕೆ ತೆಗೆದುಕೊಂಡಿತು. ಆದರೂ ಆ ಬೀಜ ಸಾಯಲಿಲ್ಲ. ಇವತ್ತು ಯಾವ ತರಗತಿಯಲ್ಲಿ ಅವರ ತಪ್ಪನ್ನು ಬಿಡಿಸಿ ನೋಡುತ್ತಾರೋ, ಆ ತರಗತಿಗೆ ಜಾಗ ಮಾಡಲು ಮೊದಲು ಜಗಳ ಆಡಿದವರಲ್ಲಿ ಅವರೂ ಒಬ್ಬರು.

ಮ್ಯಾಕ್‌ಆರ್ಥರ್ ಪರ ವಾದ

ತರಗತಿಯಲ್ಲಿ ನಾನು ಮೊದಲು ಕೇಳುವುದು ಅವರ ಪರ ವಾದವನ್ನೇ. ಬಲವಾಗಿ ಮಾಡಿ ಅಂತೀನಿ. ಯಾಕೆಂದರೆ ಆ ವಾದದಲ್ಲಿ ಹುರುಳಿದೆ. ವಜಾ ಆದಮೇಲೆ, 1951ರ ಜುಲೈನಲ್ಲಿ, ಬಾಸ್ಟನ್‌ನಲ್ಲಿ ಮ್ಯಾಸಚೂಸೆಟ್ಸ್ ಶಾಸನ ಸಭೆಯ ಮುಂದೆ ಮ್ಯಾಕ್‌ಆರ್ಥರ್ ಮಾತಾಡಿದರು. ಸೇನೆಯವರ ನಿಷ್ಠೆ ಮೊದಲು ಸಲ್ಲಬೇಕಾದ್ದು ತಾತ್ಕಾಲಿಕವಾಗಿ ಅಧಿಕಾರ ನಡೆಸುವವರಿಗೆ, ದೇಶಕ್ಕೂ ಸಂವಿಧಾನಕ್ಕೂ ಅಲ್ಲ ಎಂಬ ಹೊಸ, ಅಪಾಯಕಾರಿ ಕಲ್ಪನೆಯೊಂದು ಹುಟ್ಟಿಕೊಂಡಿದೆ ಅಂದರು.

ಕೇಳೋಕೆ ಎಷ್ಟು ಸರಿ ಅನ್ನಿಸುತ್ತೆ, ಅಲ್ವಾ? ಅಮೆರಿಕದ ಅಧಿಕಾರಿಯ ಪ್ರಮಾಣ ವಚನ ತೆಗೆದು ಓದಿದರೆ ಇನ್ನೂ ಸರಿ ಅನ್ನಿಸುತ್ತದೆ. ಹೊರಗಿನ, ಒಳಗಿನ ಎಲ್ಲ ಶತ್ರುಗಳಿಂದ ಸಂವಿಧಾನವನ್ನು ಕಾಪಾಡುತ್ತೇನೆ, ಅದಕ್ಕೇ ನಿಷ್ಠನಾಗಿರುತ್ತೇನೆ, ಹುದ್ದೆಯ ಕರ್ತವ್ಯವನ್ನು ಪ್ರಾಮಾಣಿಕವಾಗಿ ಮಾಡುತ್ತೇನೆ. ಅಷ್ಟೇ. ಸಾಮಾನ್ಯ ಸೈನಿಕನ ಪ್ರಮಾಣದಲ್ಲಿ ಅಧ್ಯಕ್ಷರ ಆದೇಶ ಪಾಲಿಸುತ್ತೇನೆ ಅನ್ನುವ ಮಾತು ಇದೆ. ಅಧಿಕಾರಿಯದರಲ್ಲಿ ಇಲ್ಲ.

ಹೋದ ಸಲ ಇದನ್ನು ಓದಿದಾಗ ಎನ್‌ಸಿಸಿ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ಅಧ್ಯಕ್ಷರ ಹೆಸರೇ ಇಲ್ವಾ? ನಮ್ಮ ಸೇನೆಯ ಪ್ರಮಾಣದಲ್ಲಿ ರಾಷ್ಟ್ರಪತಿ ಆದೇಶ ಅಂತ ಇದೆಯಲ್ಲ ಸರ್?"

"ಇದೆಯಮ್ಮ. ಅವರದ್ದರಲ್ಲಿ ಇಲ್ಲ. ಹಾಗಾದರೆ ಅಮೆರಿಕದ ಅಧಿಕಾರಿ ಅಧ್ಯಕ್ಷರ ಮಾತು ಕೇಳಬೇಕಾಗಿಲ್ಲವಾ?"

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. "ಸಂವಿಧಾನದಲ್ಲೇ ಅಧ್ಯಕ್ಷರು ಸೇನೆಯ ಮಹಾದಂಡನಾಯಕ ಅಂತ ಬರೆದಿದೆ ಅಂದ್ರಲ್ಲ ಸರ್. ಸಂವಿಧಾನ ಒಪ್ಪಿಕೊಂಡರೆ ಅದನ್ನೂ ಒಪ್ಪಿಕೊಂಡ ಹಾಗೆ ತಾನೇ?"

ಇದೇ ಪ್ರಕರಣದ ತಿರುಳು. ಸಂವಿಧಾನದ ಎರಡನೇ ವಿಧಿ ಅಧ್ಯಕ್ಷರನ್ನು ಮಹಾದಂಡನಾಯಕ ಅನ್ನುತ್ತದೆ. ಸಂವಿಧಾನವನ್ನು ಒಂದು ಕಡೆ, ಅದು ಹುಟ್ಟಿಸಿದ ಹುದ್ದೆಯನ್ನು ಇನ್ನೊಂದು ಕಡೆ ಇಟ್ಟು "ನಾನು ಇದಕ್ಕೆ ನಿಷ್ಠ, ಅದಕ್ಕಲ್ಲ" ಅಂದರೆ ಸಂವಿಧಾನವನ್ನೇ ಅರ್ಧ ಹರಿದಂತೆ. ಆದೇಶ ಕಾನೂನಿಗೆ ವಿರುದ್ಧವಾಗಿದ್ದರೆ ಮಾತು ಬೇರೆ. ಅದನ್ನು ಪಾಲಿಸಬಾರದು. ಆದರೆ ಕದನ ವಿರಾಮಕ್ಕೆ ಯತ್ನಿಸುವುದು ಕಾನೂನು ವಿರುದ್ಧ ಅಂತ ಮ್ಯಾಕ್‌ಆರ್ಥರ್ ಕೂಡ ಹೇಳಲಿಲ್ಲ. ಅದು ಕೆಟ್ಟ ನೀತಿ ಅಂದರು. ಕೆಟ್ಟ ನೀತಿ ಮತ್ತು ಕಾನೂನುಬಾಹಿರ ಆದೇಶ, ಈ ಎರಡರ ನಡುವಿನ ಗೆರೆಯನ್ನು ಇಪ್ಪತ್ತು ವರ್ಷದ ಕೆಡೆಟ್ ಬರಿಗಣ್ಣಿಂದ ಕಾಣುವಂತಾಗಬೇಕು.

ಆಮೇಲೆ ಇನ್ನೊಂದು ಕಾಗದ ಮುಂದಿಡುತ್ತೇನೆ. ಪ್ರಮಾಣ ವಚನದ ಜೊತೆಗೆ ಅಧಿಕಾರಿಗೆ ಕಮಿಷನ್ ಪತ್ರ ಕೊಡುತ್ತಾರೆ. ಅಧ್ಯಕ್ಷರ ಆದೇಶಗಳನ್ನು ಪಾಲಿಸಬೇಕು, ಅಧ್ಯಕ್ಷರ ಇಚ್ಛೆ ಇರುವವರೆಗೆ ಮಾತ್ರ ಈ ನೇಮಕ ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ. ಹಳೆಯ ಕಾಲದ ಕಮಿಷನ್ ಪತ್ರಗಳಲ್ಲಂತೂ "ಸದ್ಯಕ್ಕೆ ಆ ಸ್ಥಾನದಲ್ಲಿರುವ ಅಧ್ಯಕ್ಷರ" ಇಚ್ಛೆ ಅನ್ನುವ ಮಾತೇ ಇತ್ತು. ತಾತ್ಕಾಲಿಕವಾಗಿ ಅಧಿಕಾರ ನಡೆಸುವವರು ಅಂತ ಮ್ಯಾಕ್‌ಆರ್ಥರ್ ಯಾರನ್ನು ಹಗುರವಾಗಿ ಕಂಡರೋ, ಅವರೇ ಅಧಿಕಾರಿಯ ಹುದ್ದೆಗೆ ಆಧಾರ. ಅಧ್ಯಕ್ಷರು ತಾತ್ಕಾಲಿಕ ಆಗಿರುವುದು ದೋಷವಲ್ಲ. ಜನ ನಾಲ್ಕು ವರ್ಷಕ್ಕೊಮ್ಮೆ ಅವರನ್ನು ಬದಲಿಸಬಹುದು ಅನ್ನೋದೇ ವ್ಯವಸ್ಥೆಯ ಬಲ. ಜನರಲ್‌ನನ್ನು ಜನ ಬದಲಿಸಲಾಗದು.

ಪತ್ರ ಬರೆದದ್ದು ತಪ್ಪೇ?

ಈ ಪ್ರಶ್ನೆಗೆ ತರಗತಿ ಎರಡು ಹೋಳಾಗುತ್ತದೆ. ಆಗಲಿ. ಅಮೆರಿಕದಲ್ಲಿ ಸೇನೆಗೆ ಯಜಮಾನರು ಒಬ್ಬರಲ್ಲ, ಇಬ್ಬರು. ಯುದ್ಧ ಘೋಷಿಸುವುದು, ಸೇನೆ ಕಟ್ಟುವುದು, ಹಣ ಕೊಡುವುದು ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತಿನ ಕೈಯಲ್ಲಿದೆ. ಭೂಸೇನೆಗೆ ಎರಡು ವರ್ಷಕ್ಕಿಂತ ಜಾಸ್ತಿ ಅವಧಿಗೆ ಹಣ ಮಂಜೂರು ಮಾಡುವಂತಿಲ್ಲ ಅಂತ ಸಂವಿಧಾನವೇ ಹೇಳುತ್ತದೆ. ಈಗಿನ ಕಾನೂನಿನ ಪ್ರಕಾರ ಯಾವ ಸೈನಿಕನೂ ತನ್ನ ಸಂಸದನಿಗೆ ಪತ್ರ ಬರೆಯುವುದನ್ನು ಯಾರೂ ತಡೆಯುವ ಹಾಗಿಲ್ಲ. ದೊಡ್ಡ ಹುದ್ದೆಗೆ ಏರುವ ಜನರಲ್‌ಗಳಿಂದ, ಕೇಳಿದಾಗ ನಿಮ್ಮ ಸ್ವಂತ ಅಭಿಪ್ರಾಯ ಹೇಳುತ್ತೀರಾ ಅಂತ ಸೆನೆಟ್ ಸಮಿತಿ ಮಾತು ತೆಗೆದುಕೊಳ್ಳುತ್ತದೆ.

ಹಾಗಾದರೆ ಮಾರ್ಟಿನ್ ಕೇಳಿದರು, ಮ್ಯಾಕ್‌ಆರ್ಥರ್ ಉತ್ತರಿಸಿದರು. ಏನು ತಪ್ಪು?

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಸಮಿತಿಯ ಮುಂದೆ, ಪ್ರಮಾಣ ಮಾಡಿ, ಎರಡೂ ಪಕ್ಷದವರ ಪ್ರಶ್ನೆಗೆ ಉತ್ತರಿಸುವುದು ಬೇರೆ. ಒಂದು ಪಕ್ಷದ ನಾಯಕನ ಕೈಗೆ, ಅಧ್ಯಕ್ಷರ ವಿರುದ್ಧ ಬಳಸಲಿ ಅಂತ ಪತ್ರ ಕೊಡುವುದು ಬೇರೆ. ಮೊದಲನೆಯದು ಕಾಂಗ್ರೆಸ್ಸಿಗೆ ಸಲ್ಲುವ ಸೇವೆ. ಎರಡನೆಯದು ಪಕ್ಷ ರಾಜಕೀಯ. ಅದೂ ಮಾತಾಡುವ ಮೊದಲು ಕೇಳಿ ಎಂಬ ಆದೇಶ ಜೇಬಿನಲ್ಲಿದ್ದಾಗ.

ಸರಿಯಾದ ದಾರಿ ಹೇಗಿರುತ್ತದೆ ಅಂತ ತೋರಿಸಲು ಅದೇ ವರ್ಷದ ಮೇ ತಿಂಗಳು ಸಾಕು. ಮೇ 3ರಿಂದ ಸೆನೆಟ್‌ನ ಎರಡು ಸಮಿತಿಗಳು ಜಂಟಿಯಾಗಿ ವಿಚಾರಣೆ ಶುರುಮಾಡಿದವು. ಅಧ್ಯಕ್ಷತೆ ಜಾರ್ಜಿಯಾದ ಸೆನೆಟರ್ ರಿಚರ್ಡ್ ರಸೆಲ್ ಅವರದು. ಊರೆಲ್ಲ ಕೊತಕೊತ ಕುದಿಯುತ್ತಿತ್ತು. ನ್ಯೂಯಾರ್ಕ್ ಬೀದಿಗಳಲ್ಲಿ ಲಕ್ಷಾಂತರ ಜನ ಸೇರಿ ಮ್ಯಾಕ್‌ಆರ್ಥರ್ ಮೆರವಣಿಗೆ ಮಾಡಿದ್ದರು. ಟ್ರೂಮನ್ ಅವರನ್ನು ಹುದ್ದೆಯಿಂದ ಕೆಳಗಿಳಿಸಬೇಕು ಅಂತ ಕೂಗು ಎದ್ದಿತ್ತು. ರಸೆಲ್ ಏನು ಮಾಡಿದರು? ಬಾಗಿಲು ಮುಚ್ಚಿದ ಕೋಣೆಯಲ್ಲಿ ವಿಚಾರಣೆ ನಡೆಸಿದರು. ಸೇನಾ ಗುಟ್ಟುಗಳನ್ನು ತೆಗೆದು ಉಳಿದ ಮಾತನ್ನೆಲ್ಲ ಅವತ್ತವತ್ತೇ ಪತ್ರಿಕೆಗಳಿಗೆ ಕೊಟ್ಟರು. ಕೂಗಾಟಕ್ಕೆ ಜಾಗವಿಲ್ಲ, ಮುಚ್ಚುಮರೆಯೂ ಇಲ್ಲ.

ಮೂರು ದಿನ ಮ್ಯಾಕ್‌ಆರ್ಥರ್ ಸಾಕ್ಷಿ ಹೇಳಿದರು. ಸೋವಿಯತ್ ಒಕ್ಕೂಟ ಯುದ್ಧಕ್ಕಿಳಿದರೆ ಉಳಿದ ಪ್ರಪಂಚವನ್ನು ಹೇಗೆ ಕಾಪಾಡುವುದು ಅಂತ ಸೆನೆಟರ್ ಬ್ರಯನ್ ಮೆಕ್‌ಮಹನ್ ಕೇಳಿದರು. ಅದು ನನ್ನ ಜವಾಬ್ದಾರಿ ಅಲ್ಲ, ನನ್ನದು ಪೆಸಿಫಿಕ್ ಮಾತ್ರ ಅಂದರು ಜನರಲ್. ಈ ಒಂದು ಉತ್ತರದಲ್ಲಿ ಇಡೀ ಪ್ರಕರಣ ಇದೆ. ಪೆಸಿಫಿಕ್ ಮಾತ್ರ ನೋಡಬೇಕಾದವರು ಪ್ರಪಂಚಕ್ಕೆಲ್ಲ ಸೇರಿದ ತೀರ್ಮಾನದಲ್ಲಿ ಅಧ್ಯಕ್ಷರನ್ನು ತಿದ್ದಲು ಹೊರಟಿದ್ದರು. ಮೇ 15ರಂದು ಬ್ರಾಡ್ಲಿ ಬಂದರು. ಮ್ಯಾಕ್‌ಆರ್ಥರ್ ಹೇಳಿದ ಹಾಗೆ ನಡೆದರೆ ನಾವು ತಪ್ಪು ಯುದ್ಧವನ್ನು, ತಪ್ಪು ಜಾಗದಲ್ಲಿ, ತಪ್ಪು ಸಮಯದಲ್ಲಿ, ತಪ್ಪು ಶತ್ರುವಿನ ಜೊತೆ ಮಾಡಿದಂತಾಗುತ್ತದೆ ಅಂದರು. ಜನರ ಸಿಟ್ಟು ನಿಧಾನವಾಗಿ ಇಳಿಯಿತು. ಟ್ರೂಮನ್ ಅವರಿಗೆ ಮಾತ್ರ ಅದರ ಬೆಲೆ ತಪ್ಪಲಿಲ್ಲ. 1952ರ ಫೆಬ್ರವರಿಯಲ್ಲಿ ಗ್ಯಾಲಪ್ ಜನಾಭಿಪ್ರಾಯ ಸಮೀಕ್ಷೆಯಲ್ಲಿ ಅವರನ್ನು ಮೆಚ್ಚಿದವರು ಶೇಕಡಾ 22.

ಅಧ್ಯಕ್ಷರಿಗೂ ಬೇಲಿ ಇದೆ

ಇಲ್ಲಿಗೇ ನಿಲ್ಲಿಸಿದರೆ ಕೆಡೆಟ್ ಒಂದು ತಪ್ಪು ಪಾಠ ಕಲಿತು ಹೋಗುತ್ತಾನೆ: ಅಧ್ಯಕ್ಷರು ಹೇಳಿದ್ದೇ ವೇದವಾಕ್ಯ. ಹಾಗಾಗಿ ಅದೇ ಟ್ರೂಮನ್, ಅದೇ ಯುದ್ಧ, ಒಂದು ವರ್ಷದ ನಂತರ ಏನಾಯಿತು ಅಂತಲೂ ಹೇಳಬೇಕು.

1952ರ ಏಪ್ರಿಲ್ 8ರಂದು ಉಕ್ಕಿನ ಕಾರ್ಖಾನೆಗಳಲ್ಲಿ ಮುಷ್ಕರ ಶುರುವಾಗುವುದರಲ್ಲಿತ್ತು. ಯುದ್ಧಕ್ಕೆ ಉಕ್ಕು ಬೇಕು ಅಂತ ಟ್ರೂಮನ್ ಕಾರ್ಖಾನೆಗಳನ್ನೇ ಸರ್ಕಾರದ ವಶಕ್ಕೆ ತೆಗೆದುಕೊಂಡರು. ಜೂನ್ 2ರಂದು ಸುಪ್ರೀಂ ಕೋರ್ಟ್ ಆರು–ಮೂರು ಮತದಿಂದ ಅದು ತಪ್ಪು ಅಂದಿತು. ಮಹಾದಂಡನಾಯಕನ ಅಧಿಕಾರ ಸೇನೆಯ ಮೇಲೆ, ದೇಶದ ಕಾರ್ಖಾನೆಗಳ ಮೇಲಲ್ಲ. ಟ್ರೂಮನ್ ಅವರಿಗೆ ತೀರ್ಪು ಸ್ವಲ್ಪವೂ ಇಷ್ಟವಾಗಲಿಲ್ಲ. ಆದರೆ ಕಾರ್ಖಾನೆಗಳನ್ನು ವಾಪಸ್ ಕೊಟ್ಟರು. ಜನರಲ್‌ನನ್ನು ಬಗ್ಗಿಸಿದವರೇ ನ್ಯಾಯಾಲಯಕ್ಕೆ ಬಗ್ಗಿದರು. ಎರಡೂ ಘಟನೆಯನ್ನು ಜೊತೆಗಿಟ್ಟು ಕಲಿಸದಿದ್ದರೆ ಎರಡೂ ಅರ್ಥವಾಗುವುದಿಲ್ಲ ಅಂತ ನನ್ನ ನಂಬಿಕೆ. ಕೊರಿಯಾ ಯುದ್ಧಕ್ಕೆ ಟ್ರೂಮನ್ ಕಾಂಗ್ರೆಸ್ಸಿನಿಂದ ಯುದ್ಧ ಘೋಷಣೆ ಪಡೆದಿರಲೇ ಇಲ್ಲ ಅನ್ನೋದನ್ನೂ ಬಿಡಬಾರದು. ಸೆನೆಟರ್ ರಾಬರ್ಟ್ ಟಾಫ್ಟ್ ಆಗಲೇ ಅದನ್ನು ಪ್ರಶ್ನಿಸಿದ್ದರು. ಆ ಪ್ರಶ್ನೆ ಇವತ್ತಿಗೂ ಬಗೆಹರಿದಿಲ್ಲ.

ಎಪ್ಪತ್ತಕ್ಕೂ ಜಾಸ್ತಿ ವರ್ಷ ಹಳೆಯ ಪ್ರಕರಣವನ್ನೇ ಯಾಕೆ ಹಿಡಿಯಬೇಕು ಅಂತ ಕೇಳಬಹುದು. ಹಳೆಯದು ಅನ್ನುವ ಕಾರಣಕ್ಕೇ. 2020ರ ಜೂನ್ 1ರಂದು, ಸೇನಾ ಮುಖ್ಯಸ್ಥರ ಜಂಟಿ ಸಮಿತಿಯ ಆಗಿನ ಅಧ್ಯಕ್ಷ ಜನರಲ್ ಮಾರ್ಕ್ ಮಿಲಿ ಸಮವಸ್ತ್ರದಲ್ಲಿ ಅಧ್ಯಕ್ಷ ಟ್ರಂಪ್ ಜೊತೆ ಶ್ವೇತಭವನದ ಎದುರಿನ ಚೌಕದಲ್ಲಿ ನಡೆದರು. ಪ್ರತಿಭಟನಕಾರರನ್ನು ಅಲ್ಲಿಂದ ಆಗಷ್ಟೇ ಚದುರಿಸಿದ್ದರು. ಹತ್ತು ದಿನದ ನಂತರ, ಸೇ​ನಾ ವಿಶ್ವವಿದ್ಯಾಲಯದ ಪದವೀಧರರಿಗಾಗಿ ಮಾಡಿದ ವಿಡಿಯೊ ಭಾಷಣದಲ್ಲಿ, ನಾನು ಅಲ್ಲಿ ಇರಬಾರದಿತ್ತು ಅಂತ ಮಿಲಿ ಒಪ್ಪಿಕೊಂಡರು. ಬಹಳ ಮುಖ್ಯವಾದ ಘಟನೆ. ಆದರೆ ಅದನ್ನೇ ಮೊದಲ ದಿನ ತೆಗೆದರೆ, ಮಕ್ಕಳು ಅಧಿಕಾರಿಯಾಗಿ ಯೋಚಿಸುವ ಮೊದಲು ಮತದಾರರಾಗಿ ಯೋಚಿಸುತ್ತಾರೆ. ಟ್ರೂಮನ್, ಮ್ಯಾಕ್‌ಆರ್ಥರ್ ಇಬ್ಬರೂ ಈಗ ಯಾರಿಗೂ ನಮ್ಮವರಲ್ಲ, ಪರರಲ್ಲ. ಗೆರೆ ಎಲ್ಲಿ ಬೀಳುತ್ತದೆ ಅಂತ ಅಲ್ಲಿ ಕಲಿತು, ಆಮೇಲೆ 2020ಕ್ಕೆ ಬಂದರೆ ಕಣ್ಣು ತಿಳಿಯಾಗಿರುತ್ತದೆ.

ಮಡಿಕೇರಿಯ ಜನರಲ್

ಇದೇ ಕೊರಿಯಾ ಯುದ್ಧದ ಬಾಲ ನಮ್ಮ ಕೊಡಗಿಗೂ ತಾಕಿದೆ. 1953ರಲ್ಲಿ ಕದನ ವಿರಾಮ ಆದಮೇಲೆ, ತಮ್ಮ ದೇಶಕ್ಕೆ ವಾಪಸ್ ಹೋಗಲು ಒಪ್ಪದ 22,000ಕ್ಕೂ ಹೆಚ್ಚು ಯುದ್ಧ ಕೈದಿಗಳ ಹೊಣೆ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಬಂತು. ಆಯೋಗದ ಅಧ್ಯಕ್ಷರು ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೆ.ಎಸ್. ತಿಮ್ಮಯ್ಯ. ಎರಡೂ ಕಡೆಯವರು ಕೂಗಾಡುತ್ತಿದ್ದ ಜಾಗದಲ್ಲಿ ಸಮತೋಲನ ಕಾಪಾಡಿದರು.

ಆರು ವರ್ಷದ ನಂತರ, 1959ರಲ್ಲಿ, ಅವರು ಭೂಸೇನೆಯ ಮುಖ್ಯಸ್ಥರು. ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆ ಹೊಂದಾಣಿಕೆ ಆಗದೆ ಆಗಸ್ಟ್ 31ರಂದು ರಾಜೀನಾಮೆ ಕೊಟ್ಟರು. ನೆಹರೂ ಮನವೊಲಿಸಿದ ಮೇಲೆ ವಾಪಸ್ ತೆಗೆದುಕೊಂಡರು. ಸೇನೆಗಿಂತ ಚುನಾಯಿತ ಸರ್ಕಾರವೇ ಮೇಲು ಅಂತ ನೆಹರೂ ಸಂಸತ್ತಿನಲ್ಲಿ ಹೇಳಿದರು. ಮೂರು ವರ್ಷದ ನಂತರ ಚೀನಾ ಜೊತೆಗಿನ ಯುದ್ಧದಲ್ಲಿ ನಮಗೆ ಪೆಟ್ಟು ಬಿದ್ದಾಗ, ತಿಮ್ಮಯ್ಯನವರ ಮಾತಿಗೆ ಬೆಲೆ ಕೊಡಬೇಕಿತ್ತು ಅಂತ ಬಹಳ ಜನರಿಗೆ ಅನ್ನಿಸಿತು. ನನಗೂ ಹಾಗೇ ಅನ್ನಿಸುತ್ತದೆ. ಆದರೆ ಅವರು ಆರಿಸಿಕೊಂಡ ದಾರಿ ಗಮನಿಸಿ. ವಿರೋಧ ಪಕ್ಷಕ್ಕೆ ಪತ್ರ ಬರೆಯಲಿಲ್ಲ. ತಮ್ಮ ಹುದ್ದೆಯನ್ನೇ ಮೇಜಿನ ಮೇಲಿಟ್ಟರು. ಅಧಿಕಾರದಲ್ಲಿರುವ ಸೇನಾ ಮುಖ್ಯಸ್ಥ ರಾಜೀನಾಮೆಯ ಮೂಲಕ ಸರ್ಕಾರದ ಮೇಲೆ ಒತ್ತಡ ತರಬಹುದಾ ಅನ್ನೋದೂ ಕಷ್ಟದ ಪ್ರಶ್ನೆಯೇ. ನಮ್ಮ ಮಕ್ಕಳು ಅದರ ಮೇಲೆ ಅರ್ಧ ಗಂಟೆ ಜಗಳ ಆಡಿದ್ದಾರೆ. ಮಡಿಕೇರಿಯಲ್ಲಿ ಅವರ ಮನೆ 'ಸನ್ನಿ ಸೈಡ್' ಈಗ ವಸ್ತುಸಂಗ್ರಹಾಲಯ. ಆ ಕಡೆ ಹೋದವರು ನೋಡಿ ಬನ್ನಿ.

1962ರ ಮೇ 12

ಮತ್ತೆ ಆ ಪ್ರತಿಮೆಗೆ ಬರುತ್ತೇನೆ. ಅಲ್ಲಿ ಕೆತ್ತಿರುವ ಸಾಲುಗಳು 1962ರ ಮೇ 12ರ ಭಾಷಣದವು. ಆಗ ಮ್ಯಾಕ್‌ಆರ್ಥರ್ ಅವರಿಗೆ 82 ವರ್ಷ. ಅಕಾಡೆಮಿಯ ಹಳೆಯ ವಿದ್ಯಾರ್ಥಿಗಳ ಸಂಘ ಕೊಡುವ ಥೇಯರ್ ಪ್ರಶಸ್ತಿ ತೆಗೆದುಕೊಳ್ಳಲು ವೆಸ್ಟ್ ಪಾಯಿಂಟ್‌ಗೆ ಬಂದಿದ್ದರು. ಊಟದ ದೊಡ್ಡ ಹಾಲ್‌ನಲ್ಲಿ ಕೆಡೆಟ್‌ಗಳೆಲ್ಲ ಸೇರಿದ್ದರು. ಕರ್ತವ್ಯ, ಗೌರವ, ದೇಶ ಅನ್ನುವ ಮೂರು ಪದಗಳ ಸುತ್ತ ಅವರು ಮಾತಾಡಿದರು.

ಆ ಭಾಷಣದ ನಡುವೆ ಒಂದು ಭಾಗ ಬರುತ್ತದೆ. ತೆರಿಗೆ ಜಾಸ್ತಿ ಆಯಿತೇ, ಪಕ್ಷಗಳು ಕೆಟ್ಟವೇ, ಜನರ ಸ್ವಾತಂತ್ರ್ಯ ಸಾಕಷ್ಟಿದೆಯೇ ಅನ್ನುವ ದೇಶದ ದೊಡ್ಡ ಪ್ರಶ್ನೆಗಳ ಬಗ್ಗೆ ಬೇರೆಯವರು ಚರ್ಚೆ ಮಾಡುತ್ತಾರೆ. ಇವು ನೀವು ಸೈನಿಕರಾಗಿ ಕೈ ಹಾಕುವ ವಿಷಯಗಳಲ್ಲ, ಸೇನೆ ಬಗೆಹರಿಸುವ ವಿಷಯಗಳೂ ಅಲ್ಲ ಅಂತ ಅವರು ಕೆಡೆಟ್‌ಗಳಿಗೆ ಹೇಳಿದರು.

ಹನ್ನೊಂದು ವರ್ಷ ಹಿಂದೆ ಮಾರ್ಟಿನ್‌ಗೆ ಪತ್ರ ಬರೆದವರು ಅವರೇ. ಬಾಸ್ಟನ್‌ನಲ್ಲಿ ತಾತ್ಕಾಲಿಕ ಅಧಿಕಾರದ ಮಾತಾಡಿದವರೂ ಅವರೇ. 1952ರಲ್ಲಿ ರಿಪಬ್ಲಿಕನ್ ಪಕ್ಷದ ಸಮಾವೇಶದಲ್ಲಿ ಮುಖ್ಯ ಭಾಷಣ ಮಾಡಿದವರೂ ಅವರೇ. ಐದು ನಕ್ಷತ್ರದ ಜನರಲ್‌ಗಳು ಕಾನೂನಿನ ಪ್ರಕಾರ ನಿವೃತ್ತರಾಗುವುದಿಲ್ಲ. ಹಾಗಾಗಿ ಆ ವೇದಿಕೆ ಏರಿದಾಗಲೂ ಅವರು ಸೇವೆಯ ಪಟ್ಟಿಯಲ್ಲೇ ಇದ್ದರು. ಅದೇ ಸಮಾವೇಶದಲ್ಲಿ ಅಭ್ಯರ್ಥಿಯಾದ ಐಸೆನ್‌ಹೋವರ್ ಕೂಡ ಐದು ನಕ್ಷತ್ರದ ಜನರಲ್. ಅವರು ಚುನಾವಣೆಗೆ ನಿಲ್ಲುವಾಗ ತಮ್ಮ ಕಮಿಷನ್ ಬಿಟ್ಟುಕೊಟ್ಟರು.

ಪಾಠದ ಕೊನೆಗೆ ನಾನು ಎರಡು ಚೀಟಿ ಹಂಚುತ್ತೇನೆ. ಒಂದರಲ್ಲಿ ಬಾಸ್ಟನ್‌ನ ಮಾತು. ಇನ್ನೊಂದರಲ್ಲಿ ವೆಸ್ಟ್ ಪಾಯಿಂಟ್‌ನ ಮಾತು. ಮೇಲೆ ಹೆಸರು ಬರೆದಿರುವುದಿಲ್ಲ. ಒಂದು ಪುಟ ಬರೆದು ತನ್ನಿ ಅಂತೀನಿ: ನೀವು ಲೆಫ್ಟಿನೆಂಟ್ ಆಗಿದ್ದೀರಿ, ಇವರಿಬ್ಬರಲ್ಲಿ ಯಾರ ಕೈಕೆಳಗೆ ಕೆಲಸ ಮಾಡುತ್ತೀರಿ, ಯಾಕೆ? ಹೆಚ್ಚಿನವರು ಎರಡನೆಯವರನ್ನು ಆರಿಸುತ್ತಾರೆ. ಮರುದಿನ ಎರಡೂ ಒಬ್ಬರದೇ ಮಾತು ಅಂತ ಹೇಳಿದಾಗ ಖಾಕಿ ತೊಟ್ಟ ಆ ಎರಡು ಬೆಂಚಿನವರು ತಮ್ಮ ಪುಟವನ್ನು ವಾಪಸ್ ಕೇಳುತ್ತಾರೆ. ನಾನು ಕೊಡುತ್ತೇನೆ. ಅವರು ಮತ್ತೆ ಬರೆಯಲು ಕೂರುತ್ತಾರೆ.